ನರವೆಂದು ಕರೆದ ಹುರಿ

ನಮ್ಮ ಮಾತಿನಲ್ಲಿ ‘ನರ’ ಎಂಬ ಶಬ್ದಕ್ಕೆ ಬಿಡುವೇ ಇಲ್ಲ. ಕಾಲು ಉಳುಕಿದವನು ‘ನರ ಸರಿಯಿತು’ ಎನ್ನುತ್ತಾನೆ. ಕತ್ತನ್ನು ತಿರುಗಿಸಲಾರದವನು ‘ನರ ಹಿಡಿದುಕೊಂಡಿದೆ’ ಎನ್ನುತ್ತಾನೆ. ರಕ್ತಪರೀಕ್ಷೆಗೆ ಹೋದವನು ‘ನರ ಸಿಕ್ಕುವುದೇ ಕಷ್ಟವಾಯಿತು’ ಎಂದು ಬಂದು ಹೇಳುತ್ತಾನೆ. ಚಿಂತೆಯಿಂದ ನಿದ್ದೆಗೆಟ್ಟವನಿಗೆ ‘ನರಗಳ ದೌರ್ಬಲ್ಯ’ವೆಂದು ನೆರೆಹೊರೆಯವರು ನಿರ್ಣಯಿಸುತ್ತಾರೆ. ಈ ನಾಲ್ಕು ಸಂದರ್ಭಗಳಲ್ಲಿ ಶರೀರದ ನಾಲ್ಕು ಬೇರೆ ಬೇರೆ ಭಾಗಗಳು ಒಂದೇ ಹೆಸರಿನಲ್ಲಿ ಅಡಗಿವೆ: ಮೂಳೆಗೆ ಕಟ್ಟಿರುವ ಹುರಿ, ಮಾಂಸಖಂಡ, ರಕ್ತನಾಳ, ಸಂವೇದನೆಯನ್ನು ಒಯ್ಯುವ ತಂತು. ಇದನ್ನು ಅಜ್ಞಾನವೆಂದು ನಗುವುದಕ್ಕೆ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಪಾಶ್ಚಾತ್ಯ ವೈದ್ಯಕ್ಕೆ ಮೂಲಪುರುಷರಾದ ಗ್ರೀಕರೂ ಹೀಗೆಯೇ ಮಾತನಾಡುತ್ತಿದ್ದರು. ಅವರ ‘ನ್ಯೂರಾನ್’ ಎಂಬ ಶಬ್ದಕ್ಕೆ ಬಿಲ್ಲಿನ ಹೆದೆ, ಸಂಧಿಯ ಕಟ್ಟು, ಮಾಂಸಖಂಡದ ಹುರಿ, ಸಂವೇದನೆಯ ತಂತು ಎಲ್ಲವೂ ಅರ್ಥವಾಗಿದ್ದವು. ಆ ಶಬ್ದದ ಗೊಂದಲವು ಶಾಸ್ತ್ರದ ಗೊಂದಲವಾಗಿ, ಶಸ್ತ್ರವೈದ್ಯರ ಕೈಯನ್ನು ಸಾವಿರ ವರ್ಷಗಳಿಗೂ ಮೀರಿ ಬಹುಮಟ್ಟಿಗೆ ತಡೆದು ನಿಲ್ಲಿಸಿತು. ಆ ಕಥೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಮೊದಲು ವಸ್ತುವನ್ನು ಗುರುತಿಸಿಕೊಳ್ಳೋಣ. ತಾವು ಕುಳಿತಲ್ಲಿಯೇ ಹಿಮ್ಮಡಿಯ ಮೇಲ್ಭಾಗವನ್ನು ಹಿಂದಿನಿಂದ ಎರಡು ಬೆರಳುಗಳಲ್ಲಿ ಹಿಡಿದು ನೋಡಬಹುದು. ಬಿಗಿಯಾದ ಒಂದು ದಪ್ಪ ಹುರಿ ಕೈಗೆ ಸಿಕ್ಕುತ್ತದೆ. ಮೀನಖಂಡದ ಬಲವನ್ನು ಹಿಮ್ಮಡಿಯ ಮೂಳೆಗೆ ಒಯ್ಯುವುದು ಅದೇ. ಮುಷ್ಟಿಯನ್ನು ಬಿಗಿದು ಮಣಿಕಟ್ಟನ್ನು ಬಗ್ಗಿಸಿದರೆ ಅಲ್ಲಿಯೂ ಒಂದೆರಡು ಹುರಿಗಳು ಚರ್ಮದಡಿಯಲ್ಲಿ ಎದ್ದು ಕಾಣುವುವು. ಬೆರಳುಗಳನ್ನು ಮಡಿಸುವ ದೊಡ್ಡ ಮಾಂಸಖಂಡಗಳು ಬೆರಳಿನಲ್ಲಿಲ್ಲ, ಮೊಳಕೈಯಿಂದ ಕೆಳಗೆ ಮುಂದೋಳಿನಲ್ಲಿವೆ. ಸೂತ್ರದ ಗೊಂಬೆಯಾಟದವನು ಮರೆಯಲ್ಲಿ ನಿಂತು ದಾರಗಳಿಂದ ಗೊಂಬೆಯನ್ನು ಕುಣಿಸುವಂತೆ ಅವು ಈ ಹುರಿಗಳ ಮೂಲಕ ಬೆರಳುಗಳನ್ನು ಆಡಿಸುತ್ತವೆ. ಮಾಂಸಖಂಡವನ್ನು ಮೂಳೆಗೆ ಸೇರಿಸುವ ಇಂಥ ಹುರಿಗೆ ಸಂಸ್ಕೃತ ವೈದ್ಯದಲ್ಲಿ ‘ಕಂಡರ’ ಎಂಬ ಹೆಸರುಂಟು. ಈಗಿನ ಪಠ್ಯಪುಸ್ತಕಗಳು ‘ಸ್ನಾಯುರಜ್ಜು’ ಎನ್ನುತ್ತವೆ. ಸ್ನಾಯುವೆಂದರೆ ಹಿಂದಿನವರಿಗೆ ಕಟ್ಟು, ಇಂದಿನವರಿಗೆ ಮಾಂಸಖಂಡ. ಆದುದರಿಂದ ಗೊಂದಲಕ್ಕೆ ಎಡೆಗೊಡದೆ ಕಂಡರವೆಂಬ ಮಾತನ್ನೇ ಬಳಸುತ್ತೇನೆ.

ಸುಶ್ರುತಸಂಹಿತೆಯ ಶಾರೀರಸ್ಥಾನವು ಸ್ನಾಯುಗಳನ್ನು ೯೦೦ ಎಂದೂ, ಪೇಶಿಗಳನ್ನು ೫೦೦ ಎಂದೂ, ಕಂಡರಗಳನ್ನು ೧೬ ಎಂದೂ ಎಣಿಸುತ್ತದೆ. ಈ ಎಣಿಕೆಯು ಈಗಿನ ಲೆಕ್ಕಕ್ಕೆ ಹೊಂದುವುದಿಲ್ಲ. ಆದರೆ ಅಲ್ಲಿ ಬರುವ ಒಂದು ಹೋಲಿಕೆ ಗಮನಾರ್ಹವಾದುದು. ಹಲಗೆಗಳನ್ನು ಅನೇಕ ಹಗ್ಗಗಳಿಂದ ಬಿಗಿದು ಕಟ್ಟಿದ ದೋಣಿಯು ನೀರಿನ ಮೇಲೆ ಹೇಗೆ ಭಾರವನ್ನು ಹೊರುವುದೋ, ಹಾಗೆಯೇ ಸ್ನಾಯುಗಳಿಂದ ಬಿಗಿಯಲ್ಪಟ್ಟ ಸಂಧಿಗಳುಳ್ಳ ಶರೀರವು ಭಾರವನ್ನು ಹೊರುತ್ತದೆಯೆಂದು ಆ ಗ್ರಂಥಕಾರನು ಹೇಳುತ್ತಾನೆ. ಮೂಳೆಗೋ ಪೇಶಿಗೋ ಆದ ಪೆಟ್ಟಿಗಿಂತ ಸ್ನಾಯುವಿಗಾದ ಪೆಟ್ಟು ಹೆಚ್ಚು ಅನರ್ಥಕಾರಿಯೆಂದೂ ಎಚ್ಚರಿಸುತ್ತಾನೆ. ಗಾಯವನ್ನು ಹೊಲಿಯುವುದಕ್ಕೆ ಸೆಣಬು, ನಾರುಬಟ್ಟೆಯ ನೂಲು, ಕೂದಲುಗಳ ಜೊತೆಗೆ ಪ್ರಾಣಿಗಳ ಸ್ನಾಯುವನ್ನೂ ದಾರವಾಗಿ ಹೇಳಿರುವನು. ಎಳೆತವನ್ನು ತಾಳುವುದೇ ಈ ವಸ್ತುವಿನ ಧರ್ಮವೆಂಬುದನ್ನು ಕಂಡುಕೊಂಡವನ ಮಾತುಗಳಿವು.

ಗ್ರೀಕರ ಕಡೆಗೆ ತಿರುಗಿದರೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಹೆರಾಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಎಂಬಿಬ್ಬರು ಸಂವೇದನೆಯ ನರಗಳನ್ನು ಬೇರೆಯಾಗಿ ಗುರುತಿಸಿದ್ದರು. ಆದರೂ ಹಳೆಯ ಹೆಸರು ಹಳೆಯ ಭಾವನೆಯನ್ನು ಎಳೆದುಕೊಂಡು ಬಂದಿತು. ಕ್ರಿ. ಶ. ೧೫೭ರಲ್ಲಿ ಪೆರ್ಗಮಮ್ ನಗರದ ಕತ್ತಿಯಾಳುಗಳಿಗೆ ವೈದ್ಯನಾಗಿ ನೇಮಕಗೊಂಡ ಗೇಲನ್, ಕಡಿದ ಕೈಕಾಲುಗಳನ್ನು ಪ್ರತಿದಿನವೂ ಕಂಡವನು. ಮಿದುಳಿನಿಂದ ಹೊರಟ ನರವು ಮಾಂಸಖಂಡವನ್ನು ಹೊಕ್ಕು, ಎಳೆಯೆಳೆಯಾಗಿ ಒಡೆದು, ಕಟ್ಟಿನ ನಾರುಗಳೊಡನೆ ಬೆರೆತು, ಕೊನೆಗೆ ಕಂಡರವಾಗಿ ಹೊರಬರುವುದೆಂದು ಅವನು ಭಾವಿಸಿದನು. ಅಂದಮೇಲೆ ಕಂಡರದಲ್ಲಿ ಅರ್ಧ ನರವೇ ಇದ್ದಂತಾಯಿತು. ಅದಕ್ಕೆ ಸೂಜಿ ತಗುಲಿದರೆ ನೋವು, ಸೆಳೆತ, ಮರಣ ಸಂಭವಿಸುವುವೆಂಬ ಭಯ ಅಲ್ಲಿಂದ ಬೆಳೆಯಿತು. ಆಳವಾದ ಗಾಯಗಳಿಗೆ ಧನುರ್ವಾಯು ತಗಲುವುದು ಅಪರೂಪವಲ್ಲದ ಕಾಲವದು. ಸೆಳೆತವನ್ನು ಕಂಡವರು ಸೂಜಿಯನ್ನು ದೂರಿದ್ದರೆ ಆಶ್ಚರ್ಯವಿಲ್ಲ. ಗೇಲನನ ಮಾತು ಯೂರೋಪಿಗೆ ಬಹುಕಾಲ ವೇದವಾಕ್ಯವಾಗಿತ್ತು. ಬೆರಳನ್ನು ಮಡಿಸುವ ಹುರಿ ಕಡಿದುಹೋದ ಸೈನಿಕನಿಗೆ ಅನೇಕ ವೈದ್ಯರು ಚರ್ಮವನ್ನು ಮಾತ್ರ ಹೊಲಿದು ಕಳುಹಿಸಿದರು. ಗಾಯ ಮಾಯುತ್ತಿತ್ತು, ಕೈ ಮಾತ್ರ ಹಿಂದಿರುಗುತ್ತಿರಲಿಲ್ಲ.

ಈ ಮಾತಿಗೆ ಕಿವಿಗೊಡದವರು ಇರಲಿಲ್ಲವೆಂದಲ್ಲ. ಬುಖಾರದ ಕಡೆಯ ಮಹಾವೈದ್ಯ ಇಬ್ನ್ ಸೀನಾ (೯೮೦–೧೦೩೭) ಕಡಿದ ಕಂಡರವನ್ನು ಹೊಲಿಯಬಹುದೆಂದು ಹೇಳಿದ ಕೀರ್ತಿಯನ್ನು ಇತಿಹಾಸಕಾರರು ಅವನಿಗೆ ಸಲ್ಲಿಸುತ್ತಾರೆ. ೧೩ನೆಯ ಶತಮಾನದ ಇಟಲಿಯಲ್ಲಿಯೂ ಹೊಲಿಗೆಯ ಪಕ್ಷದವರು ಕೆಲವರಿದ್ದರು. ಆದರೆ ವಾದವು ನಿರ್ಧಾರವಾದದ್ದು ಪ್ರಯೋಗದಿಂದ. ೧೭೫೨ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಆಲ್ಬ್ರೆಕ್ಟ್ ಫಾನ್ ಹಾಲರ್ ಪ್ರಾಣಿಗಳ ಶರೀರದ ಒಂದೊಂದು ಭಾಗವನ್ನೂ ಚುಚ್ಚಿ, ಕೊಯ್ದು, ಯಾವುದಕ್ಕೆ ನೋವಿನ ಅರಿವುಂಟು, ಯಾವುದಕ್ಕಿಲ್ಲವೆಂಬ ಪಟ್ಟಿಯನ್ನು ವಿದ್ವತ್ಸಭೆಯ ಮುಂದಿಟ್ಟನು. ಆ ಪ್ರಯೋಗಗಳ ಕ್ರೌರ್ಯ ನಮ್ಮ ಮನಸ್ಸಿಗೆ ಒಗ್ಗದು. ಅವನಿಗೂ ಅದು ಹಿತವಾಗಿರಲಿಲ್ಲ. ಆದರೆ ಫಲ ಸ್ಪಷ್ಟವಾಗಿತ್ತು: ಕಂಡರವನ್ನು ಚುಚ್ಚಿದರೆ ಪ್ರಾಣಿಯು ಬೆದರಲಿಲ್ಲ. ಕಂಡರವು ನರವಲ್ಲ. ಅದರಲ್ಲಿಯೂ ನರಗಳ ತುದಿಗಳಿವೆ, ಎಳೆತವನ್ನು ಅಳೆದು ತಿಳಿಸುವ ಸೂಕ್ಷ್ಮ ಅಂಗಗಳಿವೆಯೆಂಬುದನ್ನು ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಗಾಲ್ಗಿ ತೋರಿಸಿದನು. ಅದು ಹಾಲರನ ಮಾತಿಗೆ ತಿದ್ದುಪಡಿಯಾಯಿತೇ ಹೊರತು ಹಳೆಯ ಭಯಕ್ಕೆ ಸಮರ್ಥನೆಯಾಗಲಿಲ್ಲ.

ಇಲ್ಲಿಂದ ಮುಂದಿನ ಪ್ರಶ್ನೆ, ಹರಿದ ಕಂಡರವು ತಾನಾಗಿ ಕೂಡಿಕೊಳ್ಳುವುದೇ ಎಂಬುದು. ಶರೀರದ ಅತಿ ದಪ್ಪನಾದ ಕಂಡರವು ಹಿಮ್ಮಡಿಯದು. ಹೋಮರನ ವೀರ ಅಕಿಲೀಸನ ಹೆಸರನ್ನು ಅದಕ್ಕೆ ಕಟ್ಟಿದವನು ಲೂವೆನ್ ನಗರದ ಅಂಗರಚನಾಶಾಸ್ತ್ರಜ್ಞ ಫಿಲಿಪ್ ವೆರ್ಹೇಯೆನ್; ಆ ಹೆಸರು ೧೬೯೩ರ ಅವನ ಗ್ರಂಥದಲ್ಲಿ ಬರುತ್ತದೆ. ಪಾದ್ರಿಯಾಗಬೇಕೆಂದು ಓದುತ್ತಿದ್ದ ಅವನು ೧೬೭೫ರಲ್ಲಿ ರೋಗದಿಂದ ಎಡಗಾಲನ್ನು ಕಳೆದುಕೊಂಡು ವೈದ್ಯಕ್ಕೆ ತಿರುಗಿದವನು. ಆ ಕಾಲನ್ನೇ ಕೊಯ್ದು ಪರೀಕ್ಷಿಸುತ್ತಿದ್ದಾಗ ಈ ಹೆಸರು ಹೊಳೆಯಿತೆಂಬ ಕಥೆಯೊಂದುಂಟು. ಅದಕ್ಕೆ ಆಧಾರ ಮಾತ್ರವಿಲ್ಲ. ಆಧಾರವುಳ್ಳ ಕಥೆ ಲಂಡನ್ನಿನ ಜಾನ್ ಹಂಟರನದು. ೧೭೬೭ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ನರ್ತನ ಮಾಡುತ್ತಿದ್ದಾಗ ಅವನ ಹಿಮ್ಮಡಿಯ ಕಂಡರ ಹರಿಯಿತು. ಹಂಟರನು ತನ್ನ ಕಾಲನ್ನೇ ಪಾಠವಾಗಿ ಮಾಡಿಕೊಂಡನು. ನಾಯಿಗಳಲ್ಲಿ ಚರ್ಮದ ಸಣ್ಣ ರಂಧ್ರದ ಮೂಲಕ ಅದೇ ಕಂಡರವನ್ನು ಕತ್ತರಿಸಿ, ಬೇರೆ ಬೇರೆ ದಿನಗಳ ತರುವಾಯ ಪರೀಕ್ಷಿಸಿದನು. ತುಂಡುಗಳ ನಡುವೆ ಮೊದಲು ರಕ್ತ ಹೆಪ್ಪುಗಟ್ಟಿ, ಬಳಿಕ ಮೃದುವಾದ ಹೊಸ ಪದಾರ್ಥ ತುಂಬಿ, ಅದು ಕ್ರಮೇಣ ಗಟ್ಟಿಯಾಗಿ, ಮುರಿದ ಮೂಳೆಯು ಕೂಡುವ ಹಾಗೆಯೇ ಕಂಡರವೂ ಕೂಡುವುದನ್ನು ಕಂಡನು. ಗಾಯವು ಗಾಳಿಗೆ ತೆರೆದುಕೊಳ್ಳದಿದ್ದರೆ ಕೀವಾಗದೆ ಮಾಯುವುದೆಂಬುದೂ ಅವನ ಗಮನಕ್ಕೆ ಬಂದಿತು.

ಆ ಎರಡನೆಯ ಮಾತಿನಿಂದ ಒಂದು ಹೊಸ ಶಸ್ತ್ರಕ್ರಿಯೆಯೇ ಹುಟ್ಟಿತು. ಹುಟ್ಟಿನಿಂದಲೋ ರೋಗದಿಂದಲೋ ಪಾದ ಸೊಟ್ಟಗಾದವರಲ್ಲಿ ಹಿಮ್ಮಡಿಯ ಕಂಡರವು ಗಿಡ್ಡವಾಗಿ ಹಿಮ್ಮಡಿಯನ್ನು ಮೇಲಕ್ಕೆ ಜಗ್ಗಿರುತ್ತದೆ. ಫ್ರಾನ್ಸಿನ ಮಾಂಪೆಲಿಯೇ ನಗರದ ಡೆಲ್ಪೆಕ್ ೧೮೧೬ರಲ್ಲಿ ಅದನ್ನು ಕತ್ತರಿಸಿ ಉದ್ದ ಮಾಡಲು ಪ್ರಯತ್ನಿಸಿದನು. ಗಾಯ ಕೀತು, ನಿಂದೆ ಬಂದಿತು, ಅವನು ಮತ್ತೆ ಕೈಹಾಕಲಿಲ್ಲ. ೧೮೩೧ರಿಂದ ಹ್ಯಾನೋವರಿನ ಸ್ಟ್ರೊಮೇಯರ್ ಸಣ್ಣ ಅಲಗನ್ನು ಚರ್ಮದೊಳಕ್ಕೆ ತೂರಿಸಿ, ಹೊರಗೆ ಚಿಕ್ಕ ತೂತನ್ನು ಮಾತ್ರ ಬಿಟ್ಟು ಆ ಕೆಲಸವನ್ನು ಸಾಧಿಸಿದನು. ಬಾಲ್ಯದ ಕಾಯಿಲೆಯಿಂದ ಸೊಟ್ಟಪಾದನಾಗಿದ್ದ ವಿಲಿಯಂ ಜಾನ್ ಲಿಟ್ಲ್ ಎಂಬ ಇಂಗ್ಲಿಷ್ ವೈದ್ಯನು, ಲಂಡನ್ನಿನಲ್ಲಿ ಯಾರೂ ಧೈರ್ಯಮಾಡದಿರಲು ಹ್ಯಾನೋವರಿಗೆ ಹೋಗಿ ೧೮೩೬ರಲ್ಲಿ ಅವನಿಂದ ಶಸ್ತ್ರಕ್ರಿಯೆ ಮಾಡಿಸಿಕೊಂಡನು. ಅರಿವುಗೆಡಿಸುವ ಔಷಧ ಆಗ ಇರಲಿಲ್ಲ. ಪಾದ ನೆಲಕ್ಕೆ ಕೂತಿತು. ಲಿಟ್ಲ್ ಆ ವಿದ್ಯೆಯನ್ನು ಕಲಿತು ಲಂಡನ್ನಿಗೆ ಹಿಂದಿರುಗಿ ಕೆಲವೇ ವರ್ಷಗಳಲ್ಲಿ ಅಂಗವಿಕಾರಗಳಿಗೆಂದೇ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದನು. ಮುಟ್ಟಬಾರದೆಂದಿದ್ದ ಹುರಿಯನ್ನು ಬೇಕೆಂದೇ ಕತ್ತರಿಸಿ, ಅದರ ಮಾಯುವ ಗುಣವನ್ನು ನಂಬಿ ಮನುಷ್ಯನನ್ನು ನಡೆಸುವ ಕಾಲ ಬಂದಿತ್ತು.

ಮೊದಲನೆಯ ತಪ್ಪು ಇಲ್ಲಿಗೆ ಮುಗಿಯಿತು. ಆದರೆ ಅದರ ಸ್ಥಾನದಲ್ಲಿ ಎರಡನೆಯದು ಬಂದು ಕುಳಿತಿತು. ಕಂಡರವು ನರವಲ್ಲವಾದರೆ ಮತ್ತೇನು? ಬರಿಯ ಹಗ್ಗ. ಹಗ್ಗಕ್ಕೆ ಜೀವವಿಲ್ಲ, ತುಂಡಾದರೆ ಗಂಟುಹಾಕಿ ಅಲುಗಾಡಿಸದೆ ಇಡಬೇಕು. ಈ ಎಣಿಕೆ ಎಷ್ಟು ಸರಿಯೆಂಬುದನ್ನು ತಿಳಿಯಲು ಹುರಿಯನ್ನು ಬಿಚ್ಚಿ ನೋಡಬೇಕಾಗುತ್ತದೆ.

ಕಂಡರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಒಣಗಿಸಿದರೆ ಉಳಿಯುವುದರಲ್ಲಿ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನು. ಅದರ ಅಣುವಿನ ರಚನೆಯನ್ನು ಬಿಡಿಸಿದವರಲ್ಲಿ ಮೊದಲಿಗರು ನಮ್ಮ ದೇಶದವರೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋಗಿ, ಗೋಪಿನಾಥ ಕರ್ತಾ ಅವರೊಡನೆ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅವರ ಕ್ಷಕಿರಣ ಚಿತ್ರಗಳಿಗೆ ಒದಗಿದ್ದು ಕಾಂಗರುವಿನ ಬಾಲದ ಕಂಡರ. ಮೂರು ಸರಪಣಿಗಳು ಒಂದನ್ನೊಂದು ಹೆಣೆದುಕೊಂಡಿರುವ ರಚನೆಯನ್ನು ೧೯೫೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅವರೂ ಇತರರೂ ಅದನ್ನು ತಿದ್ದಿ ಪೂರ್ಣಗೊಳಿಸಿದರು. ಮೂರೆಳೆಯ ಹುರಿ ಒಂದೆಳೆಗಿಂತ ಗಟ್ಟಿಯೆಂಬುದು ಹಗ್ಗ ಹೊಸೆಯುವ ರೈತನಿಗೂ ಗೊತ್ತು. ಪ್ರಕೃತಿಯೂ ಆ ಕುಶಲವನ್ನೇ ಅಣುವಿನಲ್ಲಿ ನಡೆಸಿದೆ. ರಾಮಚಂದ್ರನ್ ಅವರು ೧೯೭೦ರ ದಶಕದ ಆರಂಭದಲ್ಲಿ ಮತ್ತೆ ಬೆಂಗಳೂರಿಗೆ ಬಂದು ಅದೇ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು.

ಇಂಥ ಅಣುಗಳು, ಗೋಡೆಯ ಇಟ್ಟಿಗೆಗಳನ್ನು ಸಂದು ತಪ್ಪಿಸಿ ಇಟ್ಟಂತೆ, ಒಂದರ ಪಕ್ಕದಲ್ಲೊಂದು ಸ್ವಲ್ಪ ಸರಿದು ಕೂತು ಸೂಕ್ಷ್ಮತಂತುಗಳಾಗುತ್ತವೆ. ತಂತುಗಳು ಎಳೆಗಳಾಗಿ, ಎಳೆಗಳು ಕಟ್ಟುಗಳಾಗಿ, ಪ್ರತಿಯೊಂದು ಕಟ್ಟಿಗೂ ತೆಳುವಾದ ಹೊದಿಕೆ, ಎಲ್ಲವನ್ನೂ ಸುತ್ತಿದ ಮತ್ತೊಂದು ಹೊದಿಕೆ. ಸಡಿಲವಾಗಿರುವಾಗ ಎಳೆಗಳು ಅಲೆಯಲೆಯಾಗಿರುತ್ತವೆ. ಎಳೆದೊಡನೆ ಅಲೆ ನೆಟ್ಟಗಾಗುತ್ತದೆ. ನೂರಕ್ಕೆ ಎರಡು ಭಾಗ ಹಿಗ್ಗುವವರೆಗೆ ಈ ಸುಖವಾದ ಎಡೆ. ನಾಲ್ಕನ್ನು ಮೀರಿದರೆ ಒಳಗೆ ಸೂಕ್ಷ್ಮವಾದ ಹರಿತಗಳು. ಎಂಟು ಹತ್ತರ ಸುತ್ತಿನಲ್ಲಿ ಹುರಿಯೇ ತುಂಡು. ಫಿನ್ಲೆಂಡಿನ ಕೋಮಿ ಎಂಬ ವಿಜ್ಞಾನಿ ಓಡುವವನ ಹಿಮ್ಮಡಿಯ ಕಂಡರಕ್ಕೆ ಅಳತೆಯ ಸಾಧನವನ್ನೇ ತೊಡಿಸಿ, ದೇಹದ ತೂಕದ ಹನ್ನೆರಡೂವರೆ ಪಾಲಿನಷ್ಟು ಎಳೆತವನ್ನು ಗುರುತಿಸಿದನು. ಇಷ್ಟು ಭಾರವನ್ನು ಹೊರುವ ಈ ಹುರಿಯ ಎಳೆಗಳ ನಡುವೆ ಸಾಲುಸಾಲಾಗಿ ಜೀವಕೋಶಗಳು ಕುಳಿತಿವೆ. ಎಳೆತವನ್ನು ಗ್ರಹಿಸಿ ಹೊಸ ತಂತುಗಳನ್ನು ನೂಲುವುದು ಅವುಗಳ ಕೆಲಸ. ರಕ್ತದ ಪೂರೈಕೆ ಮಾತ್ರ ಮಾಂಸಖಂಡಕ್ಕಿಂತ ಬಹಳ ಕಡಿಮೆ. ಕಂಡರದ ನಿಧಾನಕ್ಕೆಲ್ಲ ಈ ಬಡತನವೇ ಮೂಲ.

ಹಗ್ಗವೆಂಬ ಭಾವನೆಗೆ ಅತಿ ಹೆಚ್ಚಿನ ಬೆಲೆಯನ್ನು ತೆತ್ತದ್ದು ಕೈ. ಬೆರಳಿನಲ್ಲಿ ಎರಡು ಕಂಡರಗಳು ಒಂದೇ ಇಕ್ಕಟ್ಟಾದ ಸುರಂಗದೊಳಗೆ ಜಾರುತ್ತವೆ. ಕಡಿದ ಹುರಿಯನ್ನು ಅಲ್ಲಿ ಹೊಲಿದು ವಾರಗಟ್ಟಲೆ ಅಲುಗಿಸದೆ ಕಟ್ಟಿಟ್ಟರೆ, ಮಾಯುವ ಪದಾರ್ಥವು ಹುರಿಯನ್ನು ಹುರಿಗೆ ಸೇರಿಸುವುದರ ಜೊತೆಗೆ ಸುರಂಗದ ಗೋಡೆಗೂ ಅಂಟಿಸಿಬಿಡುತ್ತದೆ. ಗಂಟು ಭದ್ರ, ಬೆರಳು ಮರದ ತುಂಡು. ಅಮೆರಿಕದ ಕೈಶಸ್ತ್ರವೈದ್ಯರಲ್ಲಿ ಅಗ್ರಗಣ್ಯನಾದ ಸ್ಟರ್ಲಿಂಗ್ ಬನೆಲ್ ಈ ಸ್ಥಳಕ್ಕೆ, ಮಹಾಯುದ್ಧದಲ್ಲಿ ಎರಡು ಸೈನ್ಯಗಳ ಕಂದಕಗಳ ನಡುವಣ ಭೂಮಿಯ ಹೆಸರನ್ನೇ ಇಟ್ಟನು: ಯಾರಿಗೂ ಸೇರದ ನೆಲ. ಅಲ್ಲಿ ಹೊಲಿಯಬೇಡಿ, ಗಾಯ ಮಾಯಲಿ, ಅನಂತರ ಬೇರೆಡೆಯಿಂದ ಕಂಡರವನ್ನು ತಂದು ಕಸಿಮಾಡಿ ಎಂಬುದು ಅವನ ಉಪದೇಶ. ಗೇಲನನ ನಿಷೇಧವು ಬೇರೆ ಕಾರಣದಿಂದ, ಬೇರೆ ವೇಷದಲ್ಲಿ ಮತ್ತೆ ಬಂದಂತಿತ್ತು.

ಬನೆಲ್ ಮೊದಲಾದವರು ರೂಪಿಸಿದ ಕಂಡರ ವರ್ಗಾವಣೆಯ ವಿಧಾನಗಳು ಹೊಸ ಅರ್ಥವನ್ನು ಪಡೆದದ್ದು ನಮ್ಮ ನೆರೆಯ ವೇಲೂರಿನಲ್ಲಿ. ಕೊಲ್ಲಿಮಲೆಯಲ್ಲಿ ೧೯೧೪ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ೧೯೪೬ರಲ್ಲಿ ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ಪಂಜದಂತೆ ಮುದುರಿರುವುದನ್ನು ನೋಡಿ ಜನರು ಮಾಂಸವೇ ಕೊಳೆತುದೆಂದು ತಿಳಿದಿದ್ದರು. ಸತ್ತಿದ್ದುದು ನರ, ನಮ್ಮ ಮಾತಿನ ನಾಲ್ಕನೆಯ ಅರ್ಥದ ನಿಜವಾದ ನರ. ಆ ನರವನ್ನು ನಂಬಿದ್ದ ಸಣ್ಣ ಮಾಂಸಖಂಡಗಳು ಸೋತಿದ್ದವು. ಮುಂದೋಳಿನ ಬೇರೆ ಮಾಂಸಖಂಡಗಳೂ ಅವುಗಳ ಕಂಡರಗಳೂ ಗಟ್ಟಿಯಾಗಿಯೇ ಇದ್ದವು. ೧೯೪೮ರ ಸುಮಾರಿನಿಂದ ಬ್ರ್ಯಾಂಡರು ಗಟ್ಟಿಯಾದ ಕಂಡರವನ್ನು ಬಿಡಿಸಿ ಸೋತ ಕೆಲಸಕ್ಕೆ ಜೋಡಿಸತೊಡಗಿದರು. ಮುದುರಿದ ಬೆರಳು ಬಿಚ್ಚಿತು. ಆದರೆ ಹೊಸ ಜೋಡಣೆಗೆ ಮನಸ್ಸು ಒಗ್ಗಬೇಕು. ರೋಗಿಯು ಯಾವ ಹುರಿಯನ್ನು ಎಳೆದರೆ ಯಾವ ಬೆರಳು ಆಡುವುದೆಂಬುದನ್ನು ಮಗುವಿನಂತೆ ಮತ್ತೆ ಕಲಿಯಬೇಕಾಗುತ್ತಿತ್ತು. ಕೈ ಸರಿಹೋದವನಿಗೆ ಭಿಕ್ಷೆ ಹುಟ್ಟುವುದು ಕಡಿಮೆಯಾಯಿತೆಂಬ ಕಹಿಯಾದ ಅನುಭವವೂ ಅವರಿಗಾಯಿತು. ಆದುದರಿಂದಲೇ ಶಸ್ತ್ರಕ್ರಿಯೆಯ ಜೊತೆಗೆ ಕಸುಬನ್ನು ಕಲಿಸುವ ವಸತಿಯೊಂದನ್ನೂ ಅವರು ಏರ್ಪಡಿಸಿದರು. ಚಲನೆಯಿಲ್ಲದ ಕಂಡರವೂ, ಕೆಲಸವಿಲ್ಲದ ಕೈಯೂ ಒಂದೇ ಎಂಬುದು ವೇಲೂರಿನ ಪಾಠ.

ಆ ಪಾಠವು ಬೆರಳಿನ ಸುರಂಗಕ್ಕೂ ಸಲ್ಲುವುದೆಂದು ತೋರಿಸಿದವರು ಕೆಂಟಕಿಯ ಲೂಯಿವಿಲ್ ನಗರದ ಕ್ಲೈನರ್ಟ್ ಮತ್ತು ಅವರ ಸಂಗಡಿಗರು. ‘ಯಾರಿಗೂ ಸೇರದ ನೆಲ’ದಲ್ಲಿಯೇ ಕಂಡರವನ್ನು ಹೊಲಿದು, ಉಗುರಿಗೆ ರಬ್ಬರ್ ಪಟ್ಟಿಯೊಂದನ್ನು ಕಟ್ಟಿ, ರೋಗಿಯು ಬೆರಳನ್ನು ತಾನೇ ಚಾಚುವಂತೆಯೂ ಪಟ್ಟಿಯು ಅದನ್ನು ಮಡಿಸುವಂತೆಯೂ ಮಾಡಿದರು. ಹೊಲಿಗೆಗೆ ಬಲ ಬೀಳದು, ಹುರಿ ಮಾತ್ರ ಜಾರುತ್ತಿರುತ್ತದೆ. ೧೯೬೭ರಲ್ಲಿ ಅವರು ಇದನ್ನು ಹೇಳಿದಾಗ ಸಭೆಯು ಸಂದೇಹದಿಂದಲೇ ಕೇಳಿತು. ೧೯೮೦ರ ದಶಕದಲ್ಲಿ ಗೆಲ್ಬರ್ಮನ್ ಮೊದಲಾದವರು ನಾಯಿಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಬೇಗನೆ ಮೆಲ್ಲನೆ ಆಡಿಸಿದ ಕಂಡರವು ಕಟ್ಟಿಟ್ಟ ಕಂಡರಕ್ಕಿಂತ ಹೆಚ್ಚು ಬಲವಾಗಿ ಕೂಡಿಕೊಂಡಿತು, ಕಡಿಮೆ ಅಂಟಿಕೊಂಡಿತು. ಎರಡನೆಯ ತಪ್ಪಿಗೆ ಇದೇ ಉತ್ತರ.

ಮಾಯುವಿಕೆಯ ಕ್ರಮವನ್ನು ಹಂಟರನಿಗಿಂತ ನಾವು ವಿವರವಾಗಿ ಬಲ್ಲೆವು. ಮೊದಲ ಕೆಲವು ದಿನ ಊತ ಮತ್ತು ಕಸ ಗುಡಿಸುವ ಕೆಲಸ. ಬಳಿಕ ಕೆಲವು ವಾರ ಹೊಸ ಪದಾರ್ಥದ ಅವಸರದ ನೇಯ್ಗೆ. ಈ ಕೊಲಾಜೆನ್ ತೆಳುವಾದ ಬೇರೆ ಜಾತಿಯದು, ಎಳೆಗಳು ದಿಕ್ಕಾಪಾಲು. ಆಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷವನ್ನೂ ಮೀರಿ, ತೆಳುವಾದದ್ದು ಹೋಗಿ ಗಟ್ಟಿಯಾದದ್ದು ಬಂದು, ಎಳೆತದ ದಿಕ್ಕಿನಲ್ಲಿ ಎಳೆಗಳು ಸಾಲುಗೊಳ್ಳುತ್ತವೆ. ಎಳೆತವೇ ಇಲ್ಲದಿದ್ದರೆ ಅವುಗಳಿಗೆ ದಿಕ್ಕು ತೋರುವವರಿಲ್ಲ. ಇಷ್ಟಾದರೂ ಕಲೆಯು ಹಿಂದಿನ ಹುರಿಗೆ ಪೂರಾ ಸಮನಾಗುವುದಿಲ್ಲ.

ಆರೋಗ್ಯವಾದ ಕಂಡರಕ್ಕೂ ಈ ನಿಯಮವೇ. ಮೂರು ತಿಂಗಳು ಹಾಸಿಗೆಯಲ್ಲಿಯೇ ಮಲಗಿಸಿದ ಸ್ವಯಂಸೇವಕರ ಕಂಡರಗಳು ಬಿಗಿಯನ್ನು ಕಳೆದುಕೊಂಡವು. ಕ್ರಮವಾಗಿ ಭಾರವೆತ್ತುವವರಲ್ಲಿ ಬಿಗಿ ಹೆಚ್ಚುತ್ತದೆ. ಆದರೆ ಮಾಂಸಖಂಡವು ವಾರಗಳಲ್ಲಿ ಬೆಳೆದರೆ ಕಂಡರವು ತಿಂಗಳುಗಳನ್ನು ಕೇಳುತ್ತದೆ. ೧೯೫೫ರಿಂದ ೧೯೬೩ರವರೆಗೆ ನಡೆದ ಅಣುಬಾಂಬಿನ ಪರೀಕ್ಷೆಗಳು ವಾಯುಮಂಡಲದಲ್ಲಿ ಬಿಟ್ಟ ವಿಶೇಷ ಇಂಗಾಲವನ್ನು ಕಾಲಸೂಚಿಯಾಗಿ ಬಳಸಿ ಡೆನ್ಮಾರ್ಕಿನ ವಿಜ್ಞಾನಿಗಳು ೨೦೧೩ರಲ್ಲಿ ಒಂದು ಸಂಗತಿಯನ್ನು ತೋರಿಸಿದರು: ಹಿಮ್ಮಡಿಯ ಕಂಡರದ ತಿರುಳು ಹದಿನೇಳರ ಪ್ರಾಯದೊಳಗೆ ಕಟ್ಟಲ್ಪಟ್ಟು, ಅನಂತರ ಹೆಚ್ಚುಕಡಮೆ ಹಾಗೆಯೇ ಉಳಿಯುತ್ತದೆ. ಐವತ್ತರ ಗೃಹಸ್ಥನು ತನ್ನ ಬಾಲ್ಯದ ಹುರಿಯ ಮೇಲೆಯೇ ನಡೆಯುತ್ತಿದ್ದಾನೆ. ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತು, ಒಂದು ಭಾನುವಾರ ಎಳೆಯರೊಡನೆ ಮೈದಾನಕ್ಕಿಳಿದು ಓಡುವವನ ಹಿಮ್ಮಡಿಯಲ್ಲಿ ಯಾರೋ ಒದ್ದಂತೆ ಶಬ್ದವಾಗುವುದು ಏಕೆಂಬುದಕ್ಕೆ ಇದರಲ್ಲಿ ಅರ್ಧ ಉತ್ತರವಿದೆ.

ಹರಿಯದೆ ಬಹುಕಾಲ ನೋಯುವ ಕಂಡರಕ್ಕೂ ಚಿಕಿತ್ಸೆಯ ದಿಕ್ಕು ಬದಲಾಗಿದೆ. ಸ್ವೀಡನ್ನಿನ ಆಲ್ಫ್ರೆಡ್‌ಸನ್ ೧೯೯೮ರಲ್ಲಿ ಅಂಥ ೧೫ ಮಂದಿ ಓಟಗಾರರಿಗೆ ವಿಶ್ರಾಂತಿಯ ಬದಲು ಭಾರವನ್ನು ಕೊಟ್ಟನು: ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಿನಿಂದ ಹಿಮ್ಮಡಿಯನ್ನು ಮೆಲ್ಲನೆ ಕೆಳಗಿಳಿಸುವುದು, ದಿನಕ್ಕೆರಡು ಬಾರಿ, ಹನ್ನೆರಡು ವಾರ. ಎಲ್ಲರೂ ಓಟಕ್ಕೆ ಹಿಂದಿರುಗಿದರು. ಇನ್ನು ಪೂರಾ ಹರಿದ ಹಿಮ್ಮಡಿಯ ವಿಷಯದಲ್ಲಿ, ೨೦೨೨ರಲ್ಲಿ ಪ್ರಕಟವಾದ ನಾರ್ವೆಯ ೫೨೬ ರೋಗಿಗಳ ಪರೀಕ್ಷೆಯಲ್ಲಿ, ಒಂದು ವರ್ಷದ ಕೊನೆಗೆ ಹೊಲಿಸಿಕೊಂಡವರಿಗೂ ಹೊಲಿಸಿಕೊಳ್ಳದೆ ಕ್ರಮವಾದ ಚಿಕಿತ್ಸೆ ಪಡೆದವರಿಗೂ ಕಾಲಿನ ಸ್ಥಿತಿಯಲ್ಲಿ ಭೇದ ಕಾಣಲಿಲ್ಲ. ಮತ್ತೆ ಹರಿಯುವುದು ಮಾತ್ರ ಹೊಲಿಯದವರಲ್ಲಿ ನೂರಕ್ಕೆ ೬.೨, ಹೊಲಿದವರಲ್ಲಿ ೦.೬. ಹಂಟರನು ಕಂಡ ಸ್ವಯಂಶಕ್ತಿ ನಿಜ. ಸೂಜಿಯ ಪ್ರಯೋಜನವೂ ನಿಜ. ಯಾವುದನ್ನು ಆರಿಸಬೇಕೆಂಬುದು ರೋಗಿಯೂ ವೈದ್ಯನೂ ಕುಳಿತು ನಿಶ್ಚಯಿಸತಕ್ಕ ವಿಷಯ.

ಇಷ್ಟೆಲ್ಲ ತಿಳಿದ ಮೇಲೆಯೂ ‘ನರ’ವೆಂಬ ಮಾತು ನಮ್ಮ ಮನೆಗಳಲ್ಲಿ ತನ್ನ ಕೆಲಸವನ್ನು ನಡೆಸುತ್ತಲೇ ಇದೆ. ಈಳಿಗೆಮಣೆಯೋ ಗಾಜಿನ ಚೂರೋ ತಗುಲಿ ಬೆರಳು ಕೊಯ್ದಾಗ ನಾವು ನೋಡುವುದು ರಕ್ತವನ್ನು. ರಕ್ತ ನಿಂತರೆ ಗಾಯ ಸಣ್ಣದೆಂದು ಸಮಾಧಾನಪಡುತ್ತೇವೆ. ಬೆರಳು ಮಡಿಯದಿದ್ದರೆ ‘ನರಕ್ಕೆ ಪೆಟ್ಟು, ತಾನಾಗಿ ಸರಿಹೋದೀತು’ ಎನ್ನುತ್ತೇವೆ. ಅದು ಸರಿಹೋಗುವುದಿಲ್ಲ. ಕಡಿದ ಹುರಿಯ ಮೇಲ್ತುದಿಯು ಅಂಗೈಯ ಕಡೆಗೆ ಹಿಂಜರಿದುಕೊಂಡಿರುತ್ತದೆ, ವಾರಗಳು ಕಳೆದಷ್ಟೂ ಅದನ್ನು ಹಿಂದಕ್ಕೆ ತರುವುದು ಕಷ್ಟವಾಗುತ್ತದೆ. ಗಾಯವು ಎಷ್ಟೇ ಚಿಕ್ಕದಾಗಿರಲಿ, ಬೆರಳಿನ ಒಂದೊಂದು ಗೆಣ್ಣನ್ನೂ ಬೇರೆ ಬೇರೆಯಾಗಿ ಮಡಿಸಲು ಹೇಳಿ ನೋಡಬೇಕು. ಒಂದು ಮಡಿಯದಿದ್ದರೂ ಆ ದಿನವೇ ಕೈಯ ಶಸ್ತ್ರಕ್ರಿಯೆಯನ್ನು ಬಲ್ಲವರ ಬಳಿಗೆ ಹೋಗಬೇಕು. ಸಾವಿರ ವರ್ಷಗಳಿಗೂ ಮೀರಿ ಪಂಡಿತರ ಕೈಯನ್ನು ತಡೆದ ಗೊಂದಲವು ಈಗ ಉಳಿದಿರುವುದು ನಮ್ಮ ಹೊಸ್ತಿಲಿನೊಳಗೆ ಮಾತ್ರ. ಅಲ್ಲಿಂದ ಅದನ್ನು ಕಳುಹಿಸುವುದು ನಮ್ಮ ಕೆಲಸ.